ಆಟ ಮುಗಿದ ಮೇಲೆ

ನಮ್ಮ ಶಿಗ್ಗಾಂವದ ಬಯಲಿನಲ್ಲಿ ಬೆಳಬೆಳಗ್ಗೆ ಟೆನಿಸ್ ಚೆಂಡಿನ ಕ್ರಿಕೆಟ್ ಶುರುವಾಗಿಬಿಡುತ್ತದೆ. ಆ ಹುಡುಗರನ್ನು ಕಂಡಾಗ ಅನಿಸುತ್ತದೆ: ಆಟಗಾರನ ಆಟಕ್ಕೆ ಆಯುಷ್ಯ ಕಡಿಮೆ. ನಲವತ್ತರೊಳಗೆ ಮುಗಿಯುತ್ತದೆ. ಆಮೇಲೇನು?

ಸ್ಪಿನ್ ಬೌಲರ್ ಅನಿಲ್ ಕುಂಬ್ಳೆಯವರನ್ನು ನೋಡಿ. ಬೆಂಗಳೂರಿನಲ್ಲಿ ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದುತ್ತಲೇ ಕ್ರಿಕೆಟ್ ಆಡಿದವರು. 2002ರಲ್ಲಿ ಆಂಟಿಗಾದಲ್ಲಿ ಟೆಸ್ಟ್ ಆಡುವಾಗ ಅವರ ದವಡೆ ಮುರಿಯಿತು. ಮುಖಕ್ಕೆ ಪಟ್ಟಿ ಸುತ್ತಿಕೊಂಡು ಮತ್ತೆ ಮೈದಾನಕ್ಕಿಳಿದರು. 14 ಓವರ್ ಎಸೆದರು. ವೆಸ್ಟ್ ಇಂಡೀಸ್‌ನ ಬ್ರಯಾನ್ ಲಾರಾ ಅವರನ್ನು ಔಟ್ ಮಾಡಿದರು. ಎಂಥ ಛಲ ಅದು! 2008ರಲ್ಲಿ ನಿವೃತ್ತರಾದಾಗ ಅವರ ಟೆಸ್ಟ್ ವಿಕೆಟ್‌ಗಳು 619.

ಅವರು ಅಲ್ಲಿಗೇ ಕೈಕಟ್ಟಿ ಕೂರಲಿಲ್ಲ. ರಾಜ್ಯ ಕ್ರಿಕೆಟ್ ಸಂಸ್ಥೆಯ ಅಧ್ಯಕ್ಷರಾದರು, ಭಾರತ ತಂಡದ ಕೋಚ್ ಆದರು. ಟಿವಿಯಲ್ಲಿ ಕುಳಿತು ಆಟವನ್ನು ಬಿಡಿಸಿ ಹೇಳಿದರು. ಸ್ಪೆಕ್ಟಾಕಾಮ್ ಎಂಬ ಕಂಪನಿಯನ್ನೂ ಕಟ್ಟಿದರು. ಅದು ತಯಾರಿಸಿದ್ದು ಬ್ಯಾಟಿಗೆ ಅಂಟಿಸುವ ಪುಟ್ಟ ಸ್ಟಿಕ್ಕರ್. ಹೊಡೆತದ ವೇಗ ಎಷ್ಟು, ಬ್ಯಾಟು ಎಷ್ಟು ತಿರುಗಿತು, ಚೆಂಡು ಸರಿಯಾದ ಜಾಗಕ್ಕೆ ತಾಗಿತೇ ಎಂಬುದನ್ನೆಲ್ಲ ಅದು ಅಳೆಯುತ್ತದೆ. ಓದಿದ ಇಂಜಿನಿಯರಿಂಗೂ ಆಡಿದ ಕ್ರಿಕೆಟ್ಟೂ ಅಲ್ಲಿ ಕೂಡಿದವು. ನನಗೆ ಆ 619ಕ್ಕಿಂತ ಇದೇ ಹೆಚ್ಚು ಮೆಚ್ಚುಗೆ.

ತಾಯಂದಿರೇ, ತಂದೆಯಂದಿರೇ, ಓದೂ ಆಟವೂ ಹೀಗೆ ಜೊತೆಯಾಗಿ ಸಾಗಬಲ್ಲವು; ಪರೀಕ್ಷೆ ಬಂತೆಂದು ಮಗನ ಬ್ಯಾಟನ್ನು ಅಟ್ಟಕ್ಕೇರಿಸಬೇಡಿ. ಮಗಳದ್ದನ್ನೂ.