ಕುರಿಯ ಮೈಯಲ್ಲಿ ತಾಮ್ರದ ದಾರಿ



ರೋಣ ತಾಲೂಕಿನ ಅಬ್ಬಿಗೇರಿಯಂಥ ಎರೆಸೀಮೆಯ ಊರುಗಳಲ್ಲಿ ಸುಗ್ಗಿ ಮುಗಿದ ಹೊಲದಲ್ಲಿ ಕುರಿ ತರುಬಿಸುವುದು ಹಿಂದಿನಿಂದ ಬಂದ ರೂಢಿ. ಈಗ ಟಗರು ಮರಿಗಳನ್ನು ಕೊಟ್ಟಿಗೆಯಲ್ಲೇ ಕಟ್ಟಿ, ಹಿಂಡಿ ತಿನ್ನಿಸಿ ಬೆಳೆಸುವವರೂ ಇದ್ದಾರೆ. ಅಂಥವರು ಕೇಳುವ ಮಾತೊಂದಿದೆ: "ಆಕಳಿಗೆ ತಂದ ಖನಿಜ ಪುಡಿ ಮನಿಯಾಗ ಐತಿ. ಅದನ್ನ ಕುರಿಗೂ ಒಂದೀಟು ಹಾಕಿದರ ಏನಾತ್ರಿ?" ಇದಕ್ಕೆ ಉತ್ತರ ತಿಳಿಯಬೇಕಾದರೆ, ಆ ಪುಡಿಯಲ್ಲಿರುವ ತಾಮ್ರವು ಕುರಿಯ ಮೈಯಲ್ಲಿ ಹಿಡಿಯುವ ದಾರಿಯನ್ನು ನೋಡಬೇಕು.

ತಾಮ್ರ ಕುರಿಗೆ ಬೇಕೇ ಬೇಕು. ಗಬ್ಬದ ಕುರಿಗೆ ಅದು ಕಡಿಮೆಯಾದರೆ ಹುಟ್ಟಿದ ಮರಿ ಹಿಂಗಾಲು ಎಳೆದು ತೂರಾಡುತ್ತದೆ. ಈ ರೋಗಕ್ಕೆ ತಾಮ್ರದ ಕೊರತೆಯೇ ಕಾರಣವೆಂದು 1937ರಲ್ಲಿ ಪಶ್ಚಿಮ ಆಸ್ಟ್ರೇಲಿಯದ ಬೆನೆಟ್ಸ್ ಎಂಬ ಪಶುವಿಜ್ಞಾನಿ ತೋರಿಸಿಕೊಟ್ಟರು. ಕೊರತೆಯಾದಾಗ ಉಣ್ಣೆಯ ಸುರುಳಿ ಹೋಗುತ್ತದೆ, ಕರಿ ಉಣ್ಣೆ ಬೂದು ಬಣ್ಣಕ್ಕೆ ತಿರುಗುತ್ತದೆ. ಕಂಬಳಿ ನೇಯುವವರಿಗೆ ಇದು ಸಣ್ಣ ನಷ್ಟವಲ್ಲ.

ಈಗ ದಾರಿ ನೋಡೋಣ. ಮಣ್ಣಿನ ತಾಮ್ರವನ್ನು ಬೇರು ಹೀರುತ್ತದೆ, ಅದು ಕಣಕಿ ಹೊಟ್ಟುಗಳಲ್ಲಿ ಸೇರಿ ಕುರಿಯ ಹೊಟ್ಟೆಗೆ ಬರುತ್ತದೆ. ಅಲ್ಲಿ ಮಾಲಿಬ್ಡಿನಂ ಮತ್ತು ಗಂಧಕ ಕೂಡಿ ಒಂದಿಷ್ಟು ತಾಮ್ರವನ್ನು ಕಟ್ಟಿಹಾಕುತ್ತವೆ. ಅದು ಹಿಕ್ಕೆಯೊಡನೆ ಹೊರಗೆ ಹೋಗುತ್ತದೆ. ಉಳಿದುದರಲ್ಲಿ ಸ್ವಲ್ಪ ಭಾಗ ಕರುಳಿನಿಂದ ರಕ್ತಕ್ಕೆ ಇಳಿಯುತ್ತದೆ. ತಾಮ್ರ ಒಂಟಿಯಾಗಿ ತಿರುಗಿದರೆ ಮೈಗೆ ಕೇಡು. ಆದ್ದರಿಂದ ರಕ್ತದ ಅಲ್ಬುಮಿನ್ ಎಂಬ ಸಸಾರಜನಕ ವಸ್ತು ಅದನ್ನು ಹೊತ್ತು ಯಕೃತ್ತಿಗೆ, ಅಂದರೆ ನಾವು ಕಲೀಜ ಅನ್ನುವ ಅಂಗಕ್ಕೆ, ಮುಟ್ಟಿಸುತ್ತದೆ. ಯಕೃತ್ತು ಬೇಕಾದಷ್ಟನ್ನು ಸೆರುಲೋಪ್ಲಾಸ್ಮಿನ್ ಎಂಬ ಇನ್ನೊಂದು ವಸ್ತುವಿನಲ್ಲಿ ಸೇರಿಸಿ ರಕ್ತಕ್ಕೆ ಬಿಡುತ್ತದೆ. ಸ್ವೀಡನ್ನಿನ ಹೋಲ್ಂಬರ್ಗ್ ಮತ್ತು ಲಾರೆಲ್ 1948ರಲ್ಲಿ ಇದನ್ನು ಬೇರ್ಪಡಿಸಿ ವಿವರಿಸಿದರು. ಹೆಚ್ಚಾದ ತಾಮ್ರ ಪಿತ್ತದೊಡನೆ ಹೊರಬೀಳಬೇಕು.

ಫರಕು ಇರುವುದು ಇಲ್ಲೇ ನೋಡ್ರಿ. ದನಗಳಲ್ಲಿ ಈ ಹೊರದಾರಿ ಅಗಲ, ಕುರಿಯಲ್ಲಿ ಬಹಳ ಇಕ್ಕಟ್ಟು. ಕುರಿಯ ಯಕೃತ್ತು ಹಗೇವು ಇದ್ದ ಹಾಗೆ: ಸುರಿದದ್ದೆಲ್ಲ ಒಳಗೇ ಕೂಡುತ್ತದೆ. ಒಂದು ಕಿಲೋ ಒಣ ಆಹಾರದಲ್ಲಿ 40 ಮಿಲಿಗ್ರಾಂ ತಾಮ್ರವಿದ್ದರೂ ದನ ತಾಳಬಹುದು. ಕುರಿಗೆ 15 ದಾಟಿದರೆ ಅಪಾಯ, ಮಾಲಿಬ್ಡಿನಂ ಕಡಿಮೆಯಿದ್ದರೆ ಅದಕ್ಕೂ ಮೊದಲೇ.

ವಾರಗಟ್ಟಲೆ, ತಿಂಗಳುಗಟ್ಟಲೆ ಕುರಿ ಗುಂಡುಗುಂಡಗೆ ಚೆನ್ನಾಗಿಯೇ ಕಾಣುತ್ತದೆ. ಒಂದು ದಿನ ಮೇವು ತಪ್ಪಿತು, ಲಾರಿಯಲ್ಲಿ ಸಂತೆಗೆ ಒಯ್ದರು, ಈಯುವ ದಣಿವಾಯಿತು ಅನ್ನಿ. ಹಗೇವು ಒಡೆದಂತೆ ತಾಮ್ರ ರಕ್ತಕ್ಕೆ ನುಗ್ಗುತ್ತದೆ. ಕೆಂಪು ರಕ್ತಕಣಗಳು ಒಡೆಯುತ್ತವೆ. ಕಣ್ಣು, ವಸಡು ಹಳದಿಯಾಗುತ್ತವೆ, ಉಚ್ಚೆ ಕೆಂಪು ಕಂದಾಗುತ್ತದೆ, ಒಂದೆರಡು ದಿನದಲ್ಲಿ ಕುರಿ ಸಾಯಬಹುದು. "ನಿನ್ನೆ ಚಲೋ ಇತ್ತು, ಯಾರದೋ ಕಣ್ಣು ಬಿತ್ತು" ಅಂತೇವಿ. ಬಿದ್ದದ್ದು ಕಣ್ಣಲ್ಲ, ನಾವೇ ಹಾಕಿದ ಪುಡಿ.

ಆದುದರಿಂದ ಇಷ್ಟು ನೆನಪಿಡಿರಿ. ಆಕಳು, ಕೋಳಿ, ಹಂದಿಗಳಿಗೆ ಮಾಡಿದ ಖನಿಜ ಪುಡಿ ಹಾಗೂ ಸಿದ್ಧ ಆಹಾರವನ್ನು ಕುರಿಗೆ ಹಾಕಬೇಡಿರಿ. ಕುರಿಗೆಂದೇ ಮಾಡಿದ್ದನ್ನು ಕೊಳ್ಳಿರಿ. ಮೈಲುತುತ್ತದ ದ್ರಾವಣ ಸಿಂಪಡಿಸಿದ ತೋಟದೊಳಗೆ ಕುರಿ ಬಿಡಬೇಡಿರಿ. ಕಾಲುಬೇನೆಗೆ ಕುರಿಯ ಕಾಲು ಅದ್ದಿದ ಮೈಲುತುತ್ತದ ನೀರನ್ನು ಅವು ಕುಡಿಯದಂತೆ ನೋಡಿಕೊಳ್ಳಿರಿ. ಮರಿ ತೂರಾಡಿದರೂ ನೀವೇ ತಾಮ್ರ ಕುಡಿಸಲು ಹೋಗಬೇಡಿರಿ, ಪಶುವೈದ್ಯರಿಗೆ ತೋರಿಸಿರಿ. ಕೆಂಪು ಉಚ್ಚೆ ಬೇರೆ ರೋಗಗಳಲ್ಲೂ ಬರುತ್ತದೆ, ಪರೀಕ್ಷೆ ಆಗಲೇಬೇಕು. ಒಂದು ಕುರಿ ಸತ್ತರೆ ಉಳಿದವುಗಳ ಯಕೃತ್ತೂ ತುಂಬಿರಬಹುದು. ಆ ಪುಡಿಯನ್ನು ಅಂದೇ ನಿಲ್ಲಿಸಿ ವೈದ್ಯರನ್ನು ಕರೆಯಿರಿ. ಉಳಿದವನ್ನು ಬದುಕಿಸುವ ಔಷಧಿ ಅವರಲ್ಲಿ ಉಂಟು.

ಖನಿಜ ಪುಡಿಯ ಚೀಲ ಬಿಚ್ಚುವ ಮೊದಲು ಅದರ ಮೇಲೆ ಬರೆದದ್ದನ್ನು ಓದಿರಿ. ಓದಲು ಬಾರದಿದ್ದರೆ ಶಾಲೆಗೆ ಹೋಗುವ ಮಗಳ ಕಡೆಯಿಂದ ಓದಿಸಿರಿ.