ಬರೀ ನೆಗಡಿ ತಾನೇ?



ಮೊದಲೇ ಹೇಳಿಬಿಡ್ತೀನಿ, ನಾನು ಡಾಕ್ಟರ್ ಅಲ್ಲ. ಎಂಟೆಕ್ ಮುಗಿಸಿ ನೋಯ್ಡಾದಲ್ಲಿ ಸಾಫ್ಟ್‌ವೇರ್ ಕೆಲಸ ಮಾಡ್ತಿರೋನು, ಆಸ್ತಮಾ ಇರೋ ನಾಲ್ಕೂವರೆ ವರ್ಷದ ಮಗಳ ಅಪ್ಪ. ಇವತ್ತಿನ ವಿಷಯ ನೆಗಡಿ. ನಗಬೇಡಿ, ನನ್ನ ಕೈಲಿ ಅತಿ ಹೆಚ್ಚು ರಜೆ ಹಾಕಿಸಿರೋದು ಅದೇ.

ನೆಗಡಿ ತರೋ ವೈರಸ್‌ಗಳಲ್ಲಿ ಮುಖ್ಯವಾದದ್ದು ರೈನೋವೈರಸ್. 1956ರಲ್ಲಿ ಪತ್ತೆಯಾಯ್ತು. ಇದರಲ್ಲಿ 160ಕ್ಕೂ ಹೆಚ್ಚು ಬಗೆ ಇವೆ. ಒಂದರ ವಿರುದ್ಧ ದೇಹ ಸಜ್ಜಾಗೋ ಹೊತ್ತಿಗೆ ಇನ್ನೊಂದು ಬಾಗಿಲಲ್ಲಿ ನಿಂತಿರುತ್ತೆ. ಅದಕ್ಕೇ ಇದಕ್ಕೆ ಇನ್ನೂ ಲಸಿಕೆ ಬಂದಿಲ್ಲ, ಚಿಕ್ಕ ಮಕ್ಕಳಿಗೆ ವರ್ಷಕ್ಕೆ 6–8 ಸಲ ನೆಗಡಿ ಆಗೋದೂ ಅದಕ್ಕೇ. 2006ರಲ್ಲಿ ಗೊತ್ತಾದ ‘ಸಿ’ ಗುಂಪಿನ ರೈನೋವೈರಸ್ ಆಸ್ತಮಾ ಇರೋ ಮಕ್ಕಳನ್ನ ವಿಶೇಷವಾಗಿ ಕಾಡುತ್ತೆ.

1995ರಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್‌ನ ಸಂಶೋಧಕರು 9ರಿಂದ 11 ವರ್ಷದ 108 ಮಕ್ಕಳ ಅಧ್ಯಯನ ಪ್ರಕಟಿಸಿದರು. ಆಸ್ತಮಾ ಉಲ್ಬಣಿಸಿದ ಸಂದರ್ಭಗಳಲ್ಲಿ ಶೇ. 80ಕ್ಕೂ ಹೆಚ್ಚು ಸಲ ಯಾವುದಾದರೂ ವೈರಸ್ ಸಿಕ್ಕಿತು. ಹೆಚ್ಚಿನವು ರೈನೋವೈರಸ್. ಇನ್ನು ನಮ್ಮ ಬೆಂಗಳೂರು: ಡಾ. ಎಚ್. ಪರಮೇಶ್ ಅವರು ಆಸ್ಪತ್ರೆಗೆ ಬಂದ ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿ ಕೊಟ್ಟ ಲೆಕ್ಕದಲ್ಲಿ, ಆಸ್ತಮಾ ಪ್ರಮಾಣ 1979ರಲ್ಲಿ ಶೇ. 9 ಇದ್ದದ್ದು 1999ಕ್ಕೆ ಶೇ. 29.5 ಆಗಿತ್ತು. ಅಂದರೆ ಇದು ನಮ್ಮ ಮನೆಯದೊಂದೇ ಕಥೆ ಅಲ್ಲ.

ಹಾಗಾದ್ರೆ ಒಳಗೆ ಏನಾಗುತ್ತೆ? ವೈರಸ್ ಶ್ವಾಸನಾಳದ ಒಳಪದರಕ್ಕೆ ಇಳಿಯುತ್ತೆ. ಅದನ್ನ ತಡೆಯೋ ಇಂಟರ್‌ಫೆರಾನ್ ಅನ್ನೋ ರಾಸಾಯನಿಕ ಆಸ್ತಮಾ ಇರೋ ಅನೇಕರ ಜೀವಕೋಶಗಳಲ್ಲಿ ಕಡಿಮೆ ಅಥವಾ ತಡವಾಗಿ ತಯಾರಾಗುತ್ತೆ. ನಾಳ ಊದಿಕೊಳ್ಳುತ್ತೆ, ಕಫ ತುಂಬುತ್ತೆ, ಸುತ್ತಲಿನ ಸ್ನಾಯು ಬಿಗಿಯುತ್ತೆ. ಎಂಜಿನಿಯರಿಂಗ್ ಓದಿದವರಿಗೆ ಪಾಯ್ಸೆ ಸೂತ್ರ ನೆನಪಿರಬೇಕು: ಹರಿವು ನಯವಾಗಿದ್ದರೆ, ಕೊಳವೆಯ ತ್ರಿಜ್ಯ ಅರ್ಧವಾದ್ರೆ ಪ್ರತಿರೋಧ 16 ಪಟ್ಟು. ನಮಗೆ ಮೂಗು ಕಟ್ಟಿಸೋ ಊತ, ಮಗುವಿನ ಸಣ್ಣ ಕೊಳವೆಯಲ್ಲಿ ಉಸಿರನ್ನೇ ಕಟ್ಟಿಸುತ್ತೆ.

ಹೋದ ಡಿಸೆಂಬರ್‌ನಲ್ಲಿ ದಾವಣಗೆರೆಯಿಂದ ಅಪ್ಪ ಅಮ್ಮ ಬಂದಿದ್ರು, ಎಲ್ಲರೂ ಕಾಶಿಗೆ ಹೋದ್ವಿ. ವಿಶ್ವನಾಥ ಗಲ್ಲಿಯಲ್ಲೇ ರೂಮು. ಆ ಗಲ್ಲಿ ನೋಡಿದವರಿಗೆ ಗೊತ್ತು: ಎರಡೂ ಕಡೆ ಹೂವು, ಬಳೆ, ಪೇಡಾ ಅಂಗಡಿ, ಭುಜಕ್ಕೆ ಭುಜ ತಾಗೋ ಜನ, ಧೂಪದ ಹೊಗೆ. ಹತ್ತಿರದಲ್ಲೇ ಮಣಿಕರ್ಣಿಕಾ ಘಾಟ್‌ನ ಚಿತೆಗಳು, ಮೇಲೆ ಚಳಿಗಾಲದ ಮಂಜು. ಮಗಳಿಗೆ ರೈಲಲ್ಲೇ ಮೂಗು ಸುರೀತಿತ್ತು. ಎರಡನೇ ರಾತ್ರಿ ಕೆಮ್ಮು ಬಿಡಲಿಲ್ಲ. ಅಂಗಿ ಎತ್ತಿ ನೋಡಿದ್ರೆ ಪ್ರತಿ ಉಸಿರಿಗೂ ಪಕ್ಕೆಲುಬಿನ ನಡುವೆ ಚರ್ಮ ಒಳಕ್ಕೆ ಎಳೀತಿತ್ತು. ಆ ಗಲ್ಲಿಗೆ ಆಟೋ ಬರಲ್ಲ, ಗೊದೌಲಿಯಾವರೆಗೆ ಎತ್ಕೊಂಡೇ ಹೋಗ್ಬೇಕು.

ಇನ್‌ಹೇಲರ್ ತೆಗೆದೆ. ಅಮ್ಮ ಕೈ ಹಿಡಿದ್ರು: “ಏ, ಅದು ರೂಢಿ ಆಗಿಬಿಡುತ್ತೆ ಕಣೋ. ಬಿಸಿನೀರಿನ ಹಬೆ ಕೊಡೋಣ.”

“ಅಮ್ಮಾ, ಕನ್ನಡಕ ಹಾಕ್ಕೊಂಡ್ರೆ ಕಣ್ಣಿಗೆ ಚಟ ಆಯ್ತು ಅಂತೀವಾ? ನೀನು ಅವಳನ್ನ ನೆಟ್ಟಗೆ ಕೂರಿಸ್ಕೋ” ಅಂದೆ.

ಡಾಕ್ಟರ್ ಬರೆದುಕೊಟ್ಟಿದ್ದ ಪ್ರಕಾರ ಸ್ಪೇಸರ್, ಮಾಸ್ಕ್ ಹಾಕಿ ಸಾಲ್‌ಬುಟಮಾಲ್ ಕೊಟ್ಟೆ. ಅಪ್ಪ ಅಷ್ಟರಲ್ಲಿ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ರು. ಸ್ವಲ್ಪ ಹೊತ್ತಿಗೆ ಎಳೆತ ಕಡಿಮೆಯಾಯ್ತು. ಬೆಳಗಿನವರೆಗೆ ಅಮ್ಮ ಅವಳ ಎದೆ ಮೇಲೆ ಕೈಯಿಟ್ಟು ಕೂತಿದ್ರು. ಮರುದಿನ ಮಕ್ಕಳ ಡಾಕ್ಟರಿಗೆ ತೋರಿಸಿ, ದರ್ಶನಕ್ಕೆ ಅಪ್ಪ ಅಮ್ಮನ್ನ ಮಾತ್ರ ಕಳಿಸಿದ್ವಿ.

ಅಮ್ಮನ ಭಯ ನಿಮ್ಮ ಮನೆಯಲ್ಲೂ ಇರುತ್ತೆ. ಇನ್‌ಹೇಲರ್ ಚಟ ಹತ್ತಿಸಲ್ಲ. ದಿನನಿತ್ಯದ ತಡೆ ಇನ್‌ಹೇಲರ್‌ನಲ್ಲಿರೋ ಸ್ಟೀರಾಯ್ಡ್‌ನ ಅಳತೆ ಮೈಕ್ರೋಗ್ರಾಂನಲ್ಲಿ, ಮಾತ್ರೆ–ಸಿರಪ್‌ನದ್ದು ಮಿಲಿಗ್ರಾಂನಲ್ಲಿ. ಹಬೆ ಆಸ್ತಮಾ ಇಳಿಸಲ್ಲ, ಸುಡೋ ಅಪಾಯ ಬೇರೆ. ವೈರಸ್‌ಗೆ ಆಂಟಿಬಯೋಟಿಕ್ ಕೆಲಸ ಮಾಡಲ್ಲ. ಫ್ಲೂ ಲಸಿಕೆ ನೆಗಡಿ ತಡೆಯಲ್ಲ, ಆದ್ರೆ ಫ್ಲೂ ತಡೆಯೋಕೆ ಪ್ರತಿವರ್ಷ ಬೇಕು.

ಊರಿಗೆ ಹೊರಡೋ ಮುಂಚೆ ಮೂರು ಕೆಲಸ ಮಾಡಿ. ಒಂದು, ಉಬ್ಬಸ ಬಂದ್ರೆ ಏನು ಎಷ್ಟು ಕೊಡಬೇಕು ಅಂತ ಡಾಕ್ಟರ್ ಹತ್ರ ಬರೆಸಿಕೊಳ್ಳಿ. ಎರಡು, ಇನ್‌ಹೇಲರ್, ಸ್ಪೇಸರ್ ಕೈಚೀಲದಲ್ಲೇ ಇರಲಿ, ಸೀಟಿನ ಕೆಳಗಿನ ಸೂಟ್‌ಕೇಸಲ್ಲಿ ಅಲ್ಲ. ಮೂರು, ಹೋಗೋ ಊರಲ್ಲಿ ರಾತ್ರಿ ತೆರೆದಿರೋ ಆಸ್ಪತ್ರೆ ಯಾವುದು ಅಂತ ನೋಡಿಟ್ಟುಕೊಳ್ಳಿ. ಕಾಶಿಯಲ್ಲಾದ್ರೆ ಬಿಎಚ್‌ಯುನ ಸರ್ ಸುಂದರ್‌ಲಾಲ್ ಆಸ್ಪತ್ರೆ ಇದೆ.

ಮಗು ಪೂರ್ತಿ ಮಾತಾಡೋಕೆ, ನೀರು ಕುಡಿಯೋಕೆ ಆಗ್ತಿಲ್ಲ, ತುಟಿ ನೀಲಿಯಾಗ್ತಿದೆ, ಔಷಧಿ ಕೊಟ್ಟರೂ ಇಳೀತಿಲ್ಲ ಅಂದ್ರೆ ಬೆಳಗಾಗಲಿ ಅಂತ ಕಾಯಬೇಡಿ, ಹೊರಡಿ.

ಈ ಮಾತನ್ನ ಅಜ್ಜ ಅಜ್ಜಿಗೂ ಕೇಳಿಸಿ. ನಾವು ಆಫೀಸಲ್ಲಿದ್ದಾಗ ಮಗು ಇರೋದು ಅವರ ಮಡಿಲಲ್ಲೇ.