ಜ್ವರ ಬಿಟ್ಟ ಮೇಲೆ ಅಂಗಸಾಧನೆ

(ಸಂಘದ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣ)



ಹೋದ ಬೇಸಗೆಯಲ್ಲಿ ನಾವು ಇಲ್ಲಿಯೇ ನಿಂತು ಸೂರ್ಯನಮಸ್ಕಾರದ ಹಿರಿಮೆಯನ್ನು ಸಾರಿದ್ದೆವು. ದಿನಕ್ಕೆ ಐವತ್ತು ಹಾಕುತ್ತೇವೆಂದು ಜಂಭವನ್ನೂ ಕೊಚ್ಚಿದ್ದೆವು. ಮಳೆಗಾಲ ಬಂತು, ವಿಷಮಶೀತ ಜ್ವರ, ಅಂದರೆ ಟೈಫಾಯಿಡ್, ನಮ್ಮನ್ನು ಮೂರು ವಾರ ಚಾಪೆಗೆ ಅಂಟಿಸಿತು. ಎದ್ದ ಮೇಲೆ ನಾವು ಮಾಡಿದ ಮೂರ್ಖತನವನ್ನು ಇಂದು ನಿಮ್ಮ ಮುಂದೆ ಒಪ್ಪಿಸಬೇಕೆಂದಿದ್ದೇವೆ. ನಿಮ್ಮಲ್ಲಿ ಹಲವರು ಅದನ್ನೇ ಮಾಡುವವರು. ನಗುವುದಕ್ಕೆ ಮೊದಲು ಸ್ವಲ್ಪ ಕೇಳಿರಿ.

ಜ್ವರ ಬಿಟ್ಟ ಐದನೆಯ ದಿನ. ಕೋಣೆಯ ಗೆಳೆಯರೆಲ್ಲ ಬೆಳಗಿನ ಪಾಳಿಗೆ ಹೋಗಿದ್ದರು. ಮಲಗಿದ್ದು ಸಾಕೆಂದು ಕಚ್ಚೆ ಬಿಗಿದು ನಮಸ್ಕಾರಕ್ಕೆ ನಿಂತೆವು. ಎಂಟನೆಯದಕ್ಕೆ ಕಣ್ಣು ಕತ್ತಲೆಗಟ್ಟಿತು. ಗೋಡೆ ಹಿಡಿದು ಕುಳಿತರೆ ಎದೆ ಹಳೆಯ ಮಗ್ಗದಂತೆ ಬಡಿದುಕೊಳ್ಳುತ್ತಿದೆ. ಮರುದಿನ ಒಂದು ಕೊಡ ನೀರು ಎತ್ತಲೂ ಆಗಲಿಲ್ಲ. ಡಾಕ್ಟರರು ಬೈದ ಬೈಗುಳ ಇಲ್ಲಿ ಬೇಡ. ತಿಳಿಸಿದ ವಿಷಯ ಬೇಕು. ಈ ಜ್ವರ ಕರುಳಿನ ಒಳಗೋಡೆಯಲ್ಲಿ ಹುಣ್ಣು ಮಾಡುತ್ತದೆ. ಮೂರನೆಯ ವಾರದ ಹೊತ್ತಿಗೆ ಕೆಲವರಿಗೆ ಒಳಗೆ ರಕ್ತ ಹೋಗುವುದೂ, ಕರುಳು ತೂತಾಗುವುದೂ ಉಂಟು. ಮೈ ತಣ್ಣಗಾಯಿತೆಂದರೆ ಹುಣ್ಣು ಮಾಯಿತೆಂದಲ್ಲ. ಬಿಟ್ಟ ಜ್ವರ ಎರಡು ಮೂರು ವಾರದಲ್ಲಿ ಮರುಕಳಿಸುವುದೂ ಉಂಟು. ಹೊಟ್ಟೆ ಬಿಗಿಹಿಡಿದು ದಂಡ ಹೊಡೆಯುವುದು, ಅಕ್ಕಿ ಮೂಟೆ ಎತ್ತುವುದು, ಇವೆಲ್ಲ ಡಾಕ್ಟರರನ್ನು ಕೇಳಿದ ಮೇಲೆಯೇ. ಗುಳಿಗೆಯನ್ನಂತೂ ಹೇಳಿದ ದಿನದವರೆಗೆ ನುಂಗಲೇಬೇಕು.

ಮಲಗಿದರೆ ಶಕ್ತಿ ಉಳಿತಾಯವಾಗುತ್ತದೆಂದು ನಾವು ತಿಳಿದಿದ್ದೆವು. 1966ರಲ್ಲಿ ಅಮೆರಿಕದ ಡಲ್ಲಾಸ್ ನಗರದಲ್ಲಿ ಇಪ್ಪತ್ತು ವಯಸ್ಸಿನ ಐವರು ಗಟ್ಟಿಮುಟ್ಟಾದ ತರುಣರನ್ನು ಮೂರು ವಾರ ಹಾಸಿಗೆಯಲ್ಲೇ ಇರಿಸಿ ಪರೀಕ್ಷಿಸಿದರು. ರೋಗವಿಲ್ಲ, ರುಜಿನವಿಲ್ಲ, ಆದರೂ ಶ್ರಮಪಡುವಾಗ ಪ್ರಾಣವಾಯುವನ್ನು ಬಳಸಿಕೊಳ್ಳುವ ಅವರ ಶಕ್ತಿ ನೂರಕ್ಕೆ ಸುಮಾರು 27ರಷ್ಟು ಇಳಿದಿತ್ತು. ಮೂವತ್ತು ವರ್ಷದ ಮೇಲೆ ಅದೇ ಐವರನ್ನು ಮತ್ತೆ ಪರೀಕ್ಷಿಸಿದರು. ಮೂವತ್ತು ವರ್ಷದ ಮುಪ್ಪು ಕಸಿದುಕೊಂಡದ್ದಕ್ಕಿಂತ ಆ ಮೂರು ವಾರದ ಹಾಸಿಗೆ ಕಸಿದದ್ದೇ ಹೆಚ್ಚಾಗಿತ್ತಂತೆ! ಆದರೆ ಹಾಸಿಗೆ ಬಿಟ್ಟೊಡನೆ ಸುಮಾರು ಎಂಟು ವಾರ ಕ್ರಮವಾಗಿ ಸಾಧನೆ ಮಾಡಿಸಿದ್ದರಿಂದ ಹೋದ ಕಸುವು ಮರಳಿತ್ತು. ರೋಗವಿಲ್ಲದವರಿಗೇ ಎಂಟು ವಾರ. ನಾವು ಐದು ದಿನದಲ್ಲಿ ಮುಗಿಸಹೊರಟಿದ್ದೆವು.

ಆಮೇಲೆ ಶಿವಾಜಿ ಪಾರ್ಕಿನ ಕಟ್ಟೆಯ ಬದಿಯಲ್ಲಿ ನಡೆಯುವುದರಿಂದ ಸುರುಮಾಡಿದೆವು. ಮೊದಲ ದಿನ ಅರ್ಧ ಸುತ್ತು, ಅಷ್ಟೆ. ಜೊತೆಯವರೊಡನೆ ಮಾತಾಡುತ್ತ ನಡೆಯಲು ಆಗಬೇಕು. ಮಾತು ತುಂಡಾದರೆ ಹೆಜ್ಜೆ ನಿಧಾನ ಮಾಡಬೇಕು. ಇಂದಿನ ಆಯಾಸ ನಾಳೆ ಬೆಳಿಗ್ಗೆಯೂ ಮೈಯಲ್ಲಿ ಉಳಿದರೆ ನಾಳೆಯ ಪಾಲು ಅರ್ಧ. ಎದೆನೋವು, ತಲೆಸುತ್ತು, ಎಂದೂ ಇಲ್ಲದ ಏದುಸಿರು ಕಂಡರೆ ನಿಲ್ಲಿಸಿ ಡಾಕ್ಟರರ ಬಳಿಗೆ ಹೋಗತಕ್ಕದ್ದು. ಜ್ವರವಿರುವಾಗ ಬೆವರಿಳಿಸಿದರೆ ಜ್ವರ ಓಡುತ್ತದೆಂದು ಗರಡಿಯ ಕೆಲವು ಹಿರಿಯರು ಹೇಳುವುದುಂಟು. ಅವರ ಮೇಲೆ ನಮಗೆ ಗೌರವವಿದೆ, ಈ ಮಾತಿನ ಮೇಲೆ ಇಲ್ಲ. ಕೆಲವು ಜ್ವರಗಳಲ್ಲಿ ಹೃದಯದ ಸ್ನಾಯುವೇ ಊದಿಕೊಳ್ಳುತ್ತದೆ. ಹಾಗಾದವರಿಗೆ ಮೂರರಿಂದ ಆರು ತಿಂಗಳು ಕಠಿಣ ವ್ಯಾಯಾಮ ಸಲ್ಲದು.

ದಿನವಿಡೀ ನಿಂತು ದುಡಿಯುವುದೇ ವ್ಯಾಯಾಮವಲ್ಲವೆ ಎಂದು ಹೊಟೇಲಿನ ಗೆಳೆಯರು ಕೇಳುತ್ತಾರೆ. ಎದ್ದು ಬಂದ ಹೊಸದರಲ್ಲಿ ಅದೂ ಲೆಕ್ಕಕ್ಕೆ ಸೇರುತ್ತದೆ, ಇಲ್ಲವೆನ್ನಲಾರೆವು. ಕೆಲಸಕ್ಕೆ ಮರಳಿದ ಮೊದಲ ವಾರ ನಾವು ನಡಿಗೆಯನ್ನೂ ಕೈಬಿಟ್ಟೆವು. ಅಡಿಗೆಮನೆಯವರಿಗೆ ಇನ್ನೊಂದು ಮಾತು, ಸಂಕೋಚದ್ದು: ವಾಸಿಯಾದ ಮೇಲೂ ಕೆಲವರ ಮಲದಲ್ಲಿ ಈ ರೋಗಾಣು ಉಳಿದಿರುತ್ತದೆ. ಪರೀಕ್ಷೆ ಮಾಡಿಸಿಕೊಂಡೇ ಹಿಟ್ಟಿಗೆ ಕೈಹಾಕಿರಿ.

ಇಷ್ಟು ದಿನ ಸುಧಾರಿಸಿಕೊಳ್ಳಲು ಪಗಾರ ಯಾರು ಕೊಡುತ್ತಾರೆ? ನಮ್ಮ ಧಣಿಗಳು, ಹದಿನೈದು ದಿನ ಮೀರಿದರೆ ಬೇರೆ ಆಳು ಬರುತ್ತಾನೆಂದು ಹೇಳಿಕಳಿಸಿದ್ದರು. ಐದನೆಯ ದಿನ ನಮಸ್ಕಾರಕ್ಕೆ ನಿಂತದ್ದು ಜಂಭದಿಂದ ಮಾತ್ರವಲ್ಲ, ಆ ಹೆದರಿಕೆಯಿಂದಲೂ ಹೌದು. ಇ.ಎಸ್.ಐ.ಗೆಂದು ನಮ್ಮ ಪಗಾರದಿಂದ ತಿಂಗಳು ತಿಂಗಳು ಹಣ ಮುರಿಯುತ್ತಿದ್ದುದು ಕಾರ್ಯದರ್ಶಿಗಳು ಚೀಟಿ ನೋಡಿ ಹೇಳುವವರೆಗೆ ನಮಗೇ ತಿಳಿದಿರಲಿಲ್ಲ! ನಿಯಮದಂತೆ ಹಣ ಕಟ್ಟಿದವರಿಗೆ, ವಿಮೆಯ ಡಾಕ್ಟರರ ಸರ್ಟಿಫಿಕೇಟಿನ ಮೇಲೆ, ವರ್ಷಕ್ಕೆ 91 ದಿನಗಳವರೆಗೆ ಪಗಾರದ ನೂರಕ್ಕೆ 70ರಷ್ಟು ದೊರೆಯುತ್ತದೆ. ಇಂದೇ ನಿಮ್ಮ ಪಗಾರದ ಚೀಟಿ ತೆಗೆದು ನೋಡಿರಿ. ಓದಲು ಬಾರದವರು ಸಂಘಕ್ಕೆ ತನ್ನಿರಿ.

ಈಗ ನಮಗೆ ಹನ್ನೊಂದನೆಯ ವಾರ. ನಮಸ್ಕಾರ ಹದಿನೆಂಟಕ್ಕೆ ಬಂದಿದೆ. ಬೆಳಿಗ್ಗೆ ಐದೂವರೆಗೆ ಪಾರ್ಕಿನಲ್ಲಿರುತ್ತೇವೆ. ಕಾಯಿಲೆ ಬಿದ್ದೆದ್ದ ಇನ್ನಿಬ್ಬರು ಜೊತೆಗಿದ್ದಾರೆ. ಬೆಳಗಿನ ಪಾಳಿಯವರಿಗಾಗಿ ಸಂಜೆ ಆರಕ್ಕೂ ಒಂದು ಸುತ್ತು ಇಟ್ಟುಕೊಳ್ಳೋಣವೆಂದಿದ್ದೇವೆ. ಬರುವವರು ಕೂಟ ಮುಗಿದ ಮೇಲೆ ಹೆಸರು ಕೊಡಿರಿ.